ಕುರುಕ್ಷೇತ್ರದ ಲಾರಿಯಲ್ಲಿ ಮೂರು ರಾತ್ರಿ

ಕ್ಯಾರವಾನ್ ಅಂದ ಕೂಡಲೇ ಸಿನಿಮಾ ಪ್ರೇಮಿಗಳಾದ ನಿಮಗೆ ಏನು ನೆನಪಾಗುತ್ತೆ? ಶೂಟಿಂಗ್ ಜಾಗದಲ್ಲಿ ನಿಂತ ಎ.ಸಿ. ಬಸ್ಸು, ಒಳಗೆ ಕನ್ನಡಿ, ಸೋಫಾ, ಹೊರಗೆ ಹೀರೋ ಇಳಿಯೋದನ್ನೇ ಕಾಯುತ್ತಾ ನಿಂತ ಜನ! ವಿದೇಶಗಳಲ್ಲಿ ಇಂಥದೇ ಗಾಡಿಯೊಳಗೆ ಒಲೆ, ಹಾಸಿಗೆ ಎಲ್ಲಾ ಜೋಡಿಸಿಕೊಂಡು, ಮಕ್ಕಳು ಮರಿ ಸ್ನೇಹಿತರ ಸಮೇತ ವರ್ಷಗಟ್ಟಲೆ ರಸ್ತೆ ಮೇಲೇ ಸಂಸಾರ ಮಾಡುವವರೂ ಇದ್ದಾರೆ. ನಮ್ಮ ಮಂಡ್ಯ ಜಿಲ್ಲೆಯಲ್ಲೂ ಅಂಥದೊಂದು ಗಾಡಿ ನೋಡಿದೆ. ಎ.ಸಿ. ಇಲ್ಲ, ಟಾರ್ಪಾಲು ಇದೆ. ಸೋಫಾ ಇಲ್ಲ, ದುರ್ಯೋಧನನ ಸಿಂಹಾಸನ ಇದೆ! ಅದರ ಜೊತೆಗೆ ಗದೆ, ಕಿರೀಟ, ಗ್ಯಾಸ್ ಒಲೆ, ಮೂರು ಹೆಂಗಸರು, ಮೂರು ಮಕ್ಕಳು. ಸಂಕ್ರಾಂತಿ ಕಳೆದು ಎರಡು ವಾರಕ್ಕೆ, ಒಂದು ಶುಕ್ರವಾರ ಸಂಜೆ, ನಾನೂ ಆ ಲಾರಿ ಹತ್ತಿದೆ.

ಮಂಡ್ಯ: ಕಾಡಿನ ಪರದೆ ಮೇಲೆ ನಿದ್ದೆ

ಈ ಸೀಮೆಯ ನಾಟಕದ ಹುಚ್ಚು ಗೊತ್ತಿಲ್ಲದವರಿಗೆ ಎರಡು ಮಾತು. ಕನ್ನಂಬಾಡಿ ಕಟ್ಟೆಯ ನೀರು ಕುಡಿದ ಈ ನೆಲದಲ್ಲಿ ಸುಗ್ಗಿ ಮುಗೀತು ಅಂದ್ರೆ ಊರೂರಲ್ಲೂ 'ಕುರುಕ್ಷೇತ್ರ'. ಆಡೋರು ಊರಿನ ರೈತರೇ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡ್ತಾರೆ. ದುರ್ಯೋಧನ ಆಗಬೇಕಾದ್ರೆ ರೇಟು ಜಾಸ್ತಿ! ಊರಿನವರ ಕೈಲಿ ಆಗದ್ದು ಎರಡೇ, ಸೀನರಿ ಮತ್ತು ಸ್ತ್ರೀಪಾತ್ರ. ದರ್ಬಾರು, ಕಾಡು, ಬೀದಿ ಬರೆದ ಪರದೆಗಳು, ಲೈಟು, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ ಆಗೋದಕ್ಕೆ ವೃತ್ತಿ ಕಲಾವಿದೆಯರು ಬರ್ತಾರೆ. ಇವತ್ತು ಈ ಊರು, ನಾಳೆ ಆ ಊರು. ಎಲ್ಲಾ ಪಾತ್ರದ ಮಾತೂ ಅವರಿಗೆ ಬಾಯಿಪಾಠ.

ಸಾಮಾನ್ಯವಾಗಿ ಅವರು ಬಸ್ಸಲ್ಲೋ ಕಾರಲ್ಲೋ ಬಂದು ಹೋಗ್ತಾರೆ. ಈ ಲಾರಿಯ ಕಥೆ ಬೇರೆ. ಲಾರಿ ಓಡಿಸುವಾತನ ಹೆಂಡತಿ ಮತ್ತು ಇಬ್ಬರು ಕಲಾವಿದೆಯರು ಜೀವದ ಗೆಳತಿಯರು. ನಾಟಕ ಮುಗಿಯೋದು ಬೆಳಗಿನ ಜಾವ. ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂತು ಕೂತು ಸಾಕಾಗಿ, "ಎಲ್ಲಾರೂ ಒಂದೇ ಗಾಡೀಲಿ ಇರನ ಬುಡಿ" ಅಂತ ತೀರ್ಮಾನ ಮಾಡಿದರಂತೆ. ಸಂಕ್ರಾಂತಿಯಿಂದ ಮಳೆ ಹಿಡಿಯುವವರೆಗೆ ಲಾರಿಯೇ ಮನೆ.

ಮೊದಲ ರಾತ್ರಿ ಮಂಡ್ಯದ ಹತ್ತಿರದ ಒಂದು ಹಳ್ಳಿ. ರಾತ್ರಿ ಎರಡು ಗಂಟೆ. ರಂಗದ ಮೇಲೆ ಕುಂತಿ ಕರ್ಣನ ಭೇಟಿ. ಹೆತ್ತ ಮಗನನ್ನು ಹೊಳೆಯಲ್ಲಿ ಬಿಟ್ಟ ತಾಯಿ ಅಳುತ್ತಿದ್ದಾಳೆ. ಜನ "ಒನ್ಸ್ ಮೋರ್" ಅಂತ ಕೂಗಿ, ಕರ್ಣನ ಎದೆಗೆ ನೋಟು ಚುಚ್ಚುತ್ತಿದ್ದಾರೆ. ದರ್ಬಾರ್ ಪರದೆಯ ಹಿಂದೆ, ಮಡಿಸಿಟ್ಟ ಕಾಡಿನ ಪರದೆ ಮೇಲೆ, ಆ ಕುಂತಿಯ ಏಳು ವರ್ಷದ ಮಗಳು ಗಾಢ ನಿದ್ದೆಯಲ್ಲಿದ್ದಾಳೆ! ಪುಟ್ಟಿ ಅನ್ನೋಣ. ಸೀನ್ ಮುಗಿಸಿ ಒಳಗೆ ಬಂದ ತಾಯಿ ಮಗಳ ಹೊದಿಕೆ ಸರಿಮಾಡಿ, ಕಣ್ಣೊರೆಸಿಕೊಂಡು, ಸೀರೆ ಬದಲಾಯಿಸೋಕೆ ಓಡಿದಳು. ಮುಂದಿನ ಸೀನಿಗೆ ಆಕೆಯೇ ಉತ್ತರೆ.

ಬೆಳಗಿನ ಜಾವ ಟೀ ಕುಡಿಯುವಾಗ ಕೇಳಿದೆ, "ಅಕ್ಕ, ಪುಟ್ಟಿ ಸ್ಕೂಲು?"

"ದೀಪಾವಳಿವರ್ಗೂ ಹೋದ್ಲು ಕಣಣ್ಣ. ಎರಡ್ನೇ ಕ್ಲಾಸು. ಆಮೇಲೆ ಎಲ್ಲಿ ಬುಟ್ಟು ಬರ್ಲಿ? ಹೋದ್ವರ್ಷ ಒಂದೂರಲ್ಲಿ ಸೇರ್ಸಕ್ಕೆ ಹೋದೆ. ಟಿ.ಸಿ. ತನ್ನಿ ಅಂತ ವಾಪಸ್ ಕಳ್ಸುಬುಟ್ರು."

ಮದ್ದೂರು: ಅಣ್ಣಾವ್ರು ಓದಿದ್ರಾ?

ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿ ಎರಡೂ ಊರಿನೊಳಗೆ ಇಳಿಯದೇ ಹಾದುಹೋಗುತ್ತೆ. ಬೆಂಗಳೂರಿನ ಕಾರುಗಳು ಮದ್ದೂರು ವಡೆಯ ವಾಸನೆ ಸಹ ನೋಡದೆ ಜುಯ್ಯಂತ ಹೋಗಿಬಿಡ್ತವೆ. ನಮ್ಮ ಲಾರಿ ಮಾತ್ರ ಹಳೇ ರಸ್ತೆಯ ಗಿರಾಕಿ. ಪುಟ್ಟಿ ಕ್ಯಾಬಿನ್ನಿನಲ್ಲಿ ಕೂತು ಮೈಲಿಗಲ್ಲು, ಅಂಗಡಿ ಬೋರ್ಡು ಎಲ್ಲಾ ಜೋರಾಗಿ ಓದುತ್ತಿದ್ದಳು. ಒತ್ತಕ್ಷರ ಬಂದ ಕಡೆ ಮಾತ್ರ ತಡವರಿಕೆ. ಆದರೆ ದ್ರೌಪದಿಯ ಮಾತು ಹೇಳು ಅಂದ್ರೆ ನೋಡಿ, ಒಂದಕ್ಷರ ತಪ್ಪಿಲ್ಲ!

ಶಿಂಷಾ ದಂಡೆಯಲ್ಲಿ ಗಾಡಿ ನಿಲ್ಲಿಸಿದರು. ಮಕ್ಕಳಿಗೆ ಸ್ನಾನ, ಬಟ್ಟೆ ಒಗೆತ, ಮುದ್ದೆ ಬಸ್ಸಾರು. ಪುಟ್ಟಿಯ ಸ್ಕೂಲಿನ ಮಾತು ಮತ್ತೆ ಎದ್ದಿತು.

"ಅಣ್ಣಾವ್ರು ಓದಿದ್ರಾ? ನಾಟಕದ ಕಂಪನೀಲೇ ಬೆಳುದ್ರು. ಬುಡಿ ಸಾರ್, ಈ ಮಗೀನೂ ದೊಡ್ಡ ಆರ್ಟಿಸ್ಟ್ ಆಯ್ತದೆ" ಅಂದ ಲಾರಿಯಣ್ಣ.

ಆತ ಹೇಳಿದ್ದು ಸುಳ್ಳಲ್ಲ. 1929ರಲ್ಲಿ ಹುಟ್ಟಿದ ರಾಜ್‌ಕುಮಾರ್, ತಂದೆ ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿಯ ಕ್ಯಾಂಪುಗಳಲ್ಲೇ ಬೆಳೆದವರು. ಹಾಸ್ಯ ಚಕ್ರವರ್ತಿ ನರಸಿಂಹರಾಜು ಬಣ್ಣ ಹಚ್ಚಿದ್ದು ಹಾಲುಗಲ್ಲದ ವಯಸ್ಸಿನಲ್ಲಿ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಮಗುವಾಗಿದ್ದಾಗಲೇ ರಂಗ ಏರಿದವರು. ಕಂಪನಿ ಅಂದ್ರೆ ಆಗ ಇಡೀ ಊರೇ ಊರಿಂದೂರಿಗೆ ಹೋದ ಹಾಗೆ. ಒಂದು ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ವಾಸ. ಅಡುಗೆಯವರು, ಪರದೆ ಬರೆಯುವವರು, ಹೆಂಡತಿ ಮಕ್ಕಳು ಎಲ್ಲರೂ ಒಟ್ಟಿಗೆ. ನಮ್ಮ ಚಿತ್ರರಂಗದ ಮೊದಲ ಸಾಲಿನ ಎಷ್ಟೋ ಜನ ಆ ಮನೆಯ ಮಕ್ಕಳೇ.

ಆದರೆ ಎರಡನೇ ಕಲಾವಿದೆ, ದ್ರೌಪದಿ ಪಾತ್ರದಾಕೆ, ಬಟ್ಟೆ ಹಿಂಡುತ್ತಾ ಹೇಳಿದ ಮಾತಿಗೆ ನಾನು ಸುಮ್ಮನಾದೆ.

"ಒಬ್ರು ಅಣ್ಣಾವ್ರಾದ್ರು, ಸರಿ ಕಣಣ್ಣ. ಅವರ ಪಕ್ಕದಲ್ಲಿ ಅದೇ ಚಾಪೆ ಮೇಲೆ ಮಲಗಿದ್ದ ಮಿಕ್ಕಿದ್ ಮಕ್ಕಳು ಏನಾದ್ರು?"

ಯಾರೂ ಉತ್ತರ ಕೊಡಲಿಲ್ಲ. ಆಕೆಯೂ ಅಂಥ ಒಂದು ಮಗುವೇ. ಎರಡನೇ ಕ್ಲಾಸಿಗೇ ಓದು ಮುಗಿದಿತ್ತು. ಯಾವ ಚೀಟಿ ಬಂದರೂ ಬೇರೆಯವರ ಕೈಲಿ ಓದಿಸಬೇಕು. ಪಾತ್ರವೆಲ್ಲಾ ಕಿವಿಯಿಂದ ಕಲಿತದ್ದು.

ಆಗ ನನಗೆ ಬಿ.ವಿ. ಕಾರಂತರ ನೆನಪಾಯಿತು. ಅವರೂ ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದವರು. ಅವರನ್ನು ಮುಂದೆ ಕಾಶಿಗೆ ಕಳಿಸಿ ಎಂ.ಎ. ಓದಿಸಿದ್ದು ಯಾರು ಗೊತ್ತೆ? ಅದೇ ಗುಬ್ಬಿ ವೀರಣ್ಣ! ಆ ಹುಡುಗ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಬಣ್ಣವೇ ವಿದ್ಯೆ ಅಂತ ನಂಬಿದ ವೀರಣ್ಣನವರೂ ಪುಸ್ತಕದ ವಿದ್ಯೆ ಬೇಡ ಅನ್ನಲಿಲ್ಲ. ಇದನ್ನು ಹೇಳಿದೆ. ಜೊತೆಗೆ ಇನ್ನೊಂದು ಮಾತೂ ಹೇಳಿದೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಟಿ.ಸಿ. ಇಲ್ಲ ಅಂತ ಸರ್ಕಾರಿ ಶಾಲೆಯವರು ವಾಪಸ್ ಕಳಿಸೋ ಹಾಗಿಲ್ಲ, ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಲೇಬೇಕು.

ಕುಂತಿ ಕೈ ತೊಳೆಯುವುದನ್ನು ನಿಲ್ಲಿಸಿ ಕೇಳಿದಳು, "ನಿಜ್ವಾ ಅಣ್ಣ?"

ಮಳವಳ್ಳಿ: ಸೋಮವಾರದ ಬೆಳಿಗ್ಗೆ

ಶನಿವಾರ ರಾತ್ರಿ ಮದ್ದೂರು ಕಡೆಯ ನಾಟಕ ಮುಗಿಸಿ, ಭಾನುವಾರ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿ ದಾರಿ ಹಿಡಿದೆವು. ಎರಡೂ ಕಡೆ ಕಬ್ಬು. ಎತ್ತಿನಗಾಡಿ, ಟ್ರ್ಯಾಕ್ಟರುಗಳ ಸಾಲು. "ಇಲ್ಲೇ ಅಂಬರೀಶಣ್ಣನ ದೊಡ್ಡರಸಿನಕೆರೆ" ಅಂತ ಲಾರಿಯಣ್ಣ ಹಾರ್ನ್ ಹೊಡೆದ. 2018ರಲ್ಲಿ ತೀರಿಕೊಂಡ ಅಂಬರೀಶ್, ಮರುವರ್ಷ ತೆರೆಕಂಡ 'ಕುರುಕ್ಷೇತ್ರ' ಚಿತ್ರದಲ್ಲಿ ಭೀಷ್ಮ. ಮಂಡ್ಯದ ಗಂಡು ಕೊನೆಗೂ ಮಂಡ್ಯದ ಮೆಚ್ಚಿನ ಕಥೆಯಲ್ಲೇ ಕಾಣಿಸಿಕೊಂಡರಲ್ಲ ಅಂತ ಲಾರಿಯಲ್ಲಿ ಎಲ್ಲರಿಗೂ ಹೆಮ್ಮೆ.

ಮಳವಳ್ಳಿಯಲ್ಲಿ ಪುಟ್ಟಿಯ ಅಜ್ಜಿ ಮನೆ. ರಾತ್ರಿ ಪಕ್ಕದ ಹಳ್ಳಿಯಲ್ಲಿ ನಾಟಕ. ಬೆಳಗಾಯಿತು. ಮುಖದ ಬಣ್ಣ ಪೂರಾ ಹೋಗಿರಲಿಲ್ಲ, ಕಿವಿ ಹಿಂದೆ ಇನ್ನೂ ಬಿಳುಪು. ಹಾಗೇ ಮಗಳ ಕೈ ಹಿಡಿದು ಅಜ್ಜಿ ಮನೆ ಹತ್ತಿರದ ಸರ್ಕಾರಿ ಶಾಲೆಗೆ ನಡೆದಳು ತಾಯಿ. ನಾನೂ ಹಿಂದೆ ಹೋದೆ.

ಹೆಡ್‌ಮೇಡಂ ಎಲ್ಲಾ ಕೇಳಿಸಿಕೊಂಡರು. ಕಾಯ್ದೆಯ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಹೇಳೋ ಅಗತ್ಯವೇ ಬೀಳಲಿಲ್ಲ!

"ಹಳೇ ಶಾಲೆ ಹೆಸರು ಬರೆದುಕೊಡಿ, ಟಿ.ಸಿ. ನಾವೇ ತರಿಸ್ಕೋತೀವಿ. ಮಗು ಇವತ್ತೇ ಕೂತ್ಕೊಳ್ಳಲಿ" ಅಂದರು. ಆಮೇಲೆ ತಾಯಿಯ ಮುಖ ನೋಡಿ, "ಆದ್ರೆ ಮತ್ತೆ ಕರ್ಕೊಂಡು ಹೋಗ್ಬೇಡಿ ಕಣಮ್ಮ" ಅಂದರು.

ಪುಟ್ಟಿ ಅಳಲಿಲ್ಲ. "ಅವ್ವ, ಇವತ್ತು ರಾತ್ರಿ ಯಾವೂರು?" ಅಂತ ಮಾತ್ರ ಕೇಳಿದಳು. ತಾಯಿ ಊರಿನ ಹೆಸರು ಹೇಳಿದಳು. ಪುಟ್ಟಿ ತಲೆ ಆಡಿಸಿ ಒಳಗೆ ಹೋಗಿ ಕೂತಳು.

ಲಾರಿ ಹೊರಟಾಗ ಕ್ಯಾಬಿನ್ನಿನಲ್ಲಿ ಬೋರ್ಡು ಓದುವವರಿಲ್ಲ. ತಾಯಿ ಹಿಂದೆ ಕೂತು ಕಾಡಿನ ಪರದೆಯನ್ನು ಬಿಚ್ಚಿ, ಮತ್ತೆ ಮಡಿಸಿ, ಮತ್ತೆ ಬಿಚ್ಚುತ್ತಿದ್ದಳು. ಆ ರಾತ್ರಿಯೂ ಆಕೆಗೆ ಕುಂತಿಯ ಪಾತ್ರವೇ. ಇನ್ನುಳಿದ ಎರಡು ಮಕ್ಕಳಿಗೆ ಇನ್ನೂ ಮೂರು, ನಾಲ್ಕು ವರ್ಷ. ಅವರ ಸರದಿಯೂ ಬರುತ್ತೆ.

ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಬರೆಯೋ ಚಟಕ್ಕೆ ಬಿದ್ದವನು ನಾನು. ಓದಿನ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದರೂ ಬಿಟ್ಟವನಿಗೇ ಅದರ ಬೆಲೆ ಗೊತ್ತು ಅಂತಾರಲ್ಲ, ಅದಕ್ಕೇ ಒಂದು ಮಾತು. ಮುಂದಿನ ಸುಗ್ಗಿಗೆ ನಿಮ್ಮೂರಲ್ಲಿ 'ಕುರುಕ್ಷೇತ್ರ' ಆದಾಗ ಕರ್ಣನಿಗೆ ನೋಟು ಚುಚ್ಚಿ, ಬೇಡ ಅನ್ನಲ್ಲ. ಒಂದು ಸಲ ಪರದೆ ಹಿಂದೆಯೂ ಹೋಗಿ ನೋಡಿ. ಅಲ್ಲಿ ಮಲಗಿರೋ ಮಗು ಯಾವ ಕ್ಲಾಸು ಅಂತ ಕೇಳಿ. ಉತ್ತರ ಬರದಿದ್ರೆ, ನಿಮ್ಮೂರ ಶಾಲೆ ಮೇಷ್ಟ್ರೂ ಅದೇ ನಾಟಕ ನೋಡ್ತಾ ಮುಂದಿನ ಸಾಲಲ್ಲೇ ಕೂತಿರ್ತಾರೆ, ಅವರನ್ನ ಕರೀರಿ. ಏನಂತೀರಿ?