ಗಣಿತದ ಹೆಸರೂ ಗಣಿತದ ಅರ್ಥವೂ

ಘಟ್ಟದ ಮೇಲಿನ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹುಡುಗನೋ ಹುಡುಗಿಯೋ ಲೆಕ್ಕದಲ್ಲಿ ಜಾಣರೆಂದು ತೋರಿದೊಡನೆ ಹಿರಿಯರ ಬಾಯಲ್ಲಿ ಮೊದಲು ಬರುವ ಮಾತು ಇಂಜಿನಿಯರಿಂಗ್ ಎಂಬುದು ವಾಚಕರಿಗೆಲ್ಲ ವಿದಿತವೇ ಇದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾಲೇಜಿನ ಸೀಟು ದೊರೆತ ದಿನ ಹಂಚಿದ ಸಕ್ಕರೆಯ ಸವಿಯು ಆರುವ ಮೊದಲೇ, ಮೊದಲನೆಯ ಸೆಮಿಸ್ಟರಿನ ಗಣಿತದಲ್ಲಿ ಮಗನು ತೇರ್ಗಡೆಯಾಗಲಿಲ್ಲವೆಂಬ ಸುದ್ದಿಯು ಎಷ್ಟೋ ಮನೆಗಳಿಗೆ ಬರುತ್ತದೆ. ಆಗ ತಂದೆತಾಯಿಗಳು, ಇದು ಇವನ ತಲೆಗೆ ಹತ್ತುವ ವಿದ್ಯೆಯಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನವು ಬಹುತರವಾಗಿ ನ್ಯಾಯವಾದುದಲ್ಲವೆಂಬುದನ್ನು ಗೃಹಸ್ಥರಾದ ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದೇ ನಮ್ಮ ಈ ಬರವಣಿಗೆಯ ಉದ್ದೇಶ.

ನಾವು ಮೂವತ್ತಕ್ಕೂ ಮಿಕ್ಕಿ ವರ್ಷ ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿ ನಿವೃತ್ತರಾದವರು. ಮೇಲ್ತರಗತಿಯ ಗಣಿತವು ನಮ್ಮ ವಿಷಯವಲ್ಲ. ಆದರೂ ಯಲ್ಲಾಪುರ ತಾಲೂಕಿನಲ್ಲಿರುವ ನಮ್ಮ ತಮ್ಮನ ಮಗನ ದೆಸೆಯಿಂದ ಈ ಸಂಗತಿಯನ್ನು ಹತ್ತಿರದಿಂದ ಕಾಣುವ ಪ್ರಸಂಗವೊದಗಿತು. ಹುಡುಗನು ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿಯೇ ಓದಿ ಗಣಿತದಲ್ಲಿ ಉತ್ತಮ ಅಂಕಗಳನ್ನು ಪಡೆದವನು. ಎರಡು ವರ್ಷ ಪಿ.ಯು. ತರಗತಿಗಳನ್ನು ಇಂಗ್ಲಿಷಿನಲ್ಲಿ ಹೇಗೋ ದಾಟಿ, ದೂರದ ಊರಿನ ಕಾಲೇಜೊಂದನ್ನು ಸೇರಿದನು. ಮೊದಲನೆಯ ಪರೀಕ್ಷೆಯಲ್ಲಿಯೇ ಗಣಿತವು ಉಳಿದುಹೋಯಿತು. ಓದಿಗೆಂದು ಬ್ಯಾಂಕಿನ ಸಾಲ ಮಾಡಿದ್ದ ನಮ್ಮ ತಮ್ಮನು, "ಅಣ್ಣಾ, ಇನ್ನೊಂದು ವರ್ಷದ ಹಣ ಕಟ್ಟುವ ಮೊದಲು ಇವನನ್ನು ತೋಟದ ಕೆಲಸಕ್ಕೆ ಹಚ್ಚುವುದೇ ಲೇಸೇನೋ" ಎಂದನು. ಹುಡುಗನು ಅದಕ್ಕೆ ಎದುರಾಡಲೂ ಇಲ್ಲ. ಆ ಮೌನವೇ ನಮಗೆ ಹೆಚ್ಚು ಕಳವಳವನ್ನುಂಟುಮಾಡಿತು.

ಇಂಥ ಮಕ್ಕಳು ಒಬ್ಬಿಬ್ಬರಲ್ಲ. ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸೀಟುಗಳ ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ 15ರಷ್ಟೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5ರಷ್ಟೂ ಮೀಸಲಾತಿಯುಂಟು. ಇದು ಶ್ಲಾಘ್ಯವಾದ ಏರ್ಪಾಡು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ನಡೆಯುವ ಮಾತು ಅರ್ಥವಾಗುವುದಿಲ್ಲವಷ್ಟೆ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಾಗಲಿ ಬೇರೆ ಕಡೆಯಲ್ಲಾಗಲಿ, ಯಾವ ಶಾಖೆಯ ವಿದ್ಯಾರ್ಥಿಯೇ ಇರಲಿ, ಅವಕಲನ, ಅನುಕಲನ, ಅವಕಲ ಸಮೀಕರಣ, ಮಾತೃಕೆ ಮುಂತಾದುವನ್ನು ಆರಂಭದಲ್ಲಿಯೇ ಕಲಿಯಬೇಕು. ಇವೆಲ್ಲವೂ ಅವನ ಎದುರಿಗೆ ಇಂಗ್ಲಿಷ್ ಹೆಸರುಗಳಿಂದ ಬಂದು ನಿಲ್ಲುತ್ತವೆ.

ನಾವು ಹುಡುಗನನ್ನು ಕರೆದು, ಅವನ ಪುಸ್ತಕದ ಮೊದಲ ಪುಟಗಳಲ್ಲಿಯೇ ಕಂಡ 'ಸೈನ್' ಎಂಬ ಮಾತಿನ ಅರ್ಥವೇನೆಂದು ಕೇಳಿದೆವು. "ದೊಡ್ಡಪ್ಪ, ಅದಕ್ಕೆ ಅರ್ಥವಿಲ್ಲ, ಕ್ಯಾಲ್ಕ್ಯುಲೇಟರಿನಲ್ಲಿ ಅದರ ಗುಂಡಿಯಿದೆ" ಎಂದನು. ಅರ್ಥವಿಲ್ಲದೆ ಏನು? ವೃತ್ತದ ಒಂದು ಕಂಸವನ್ನು ಬಿಲ್ಲೆಂದು ಭಾವಿಸಿದರೆ ಅದರ ತುದಿಗಳನ್ನು ಕೂಡಿಸುವ ಗೆರೆಯು ಹೆದೆ. ಸಂಸ್ಕೃತದಲ್ಲಿ ಅದು 'ಜ್ಯಾ' ಅಥವಾ 'ಜೀವಾ'. ನಮ್ಮ ಜ್ಯೋತಿಷಿಗಳು ಅದರ ಅರ್ಧವನ್ನು ಲೆಕ್ಕಕ್ಕೆ ಬಳಸಿದರು. ಕ್ರಿ.ಶ. 499ರ ಕಾಲದ ಆರ್ಯಭಟನೇ ಇಂಥ 24 ಅರ್ಧಜ್ಯೆಗಳ ಅಂತರಗಳನ್ನು ಕೊಟ್ಟಿದ್ದಾನೆ. ಅರಬರು ಈ ಶಬ್ದವನ್ನು 'ಜೀಬ' ಎಂದು ಬರೆದುಕೊಂಡರು. ಸ್ವರಚಿಹ್ನೆಗಳಿಲ್ಲದ ಆ ಬರಹವನ್ನು ಮುಂದಿನವರು 'ಜೈಬ್' ಎಂದು ಓದಿದರು. ಜೈಬ್ ಎಂದರೆ ಉಡುಪಿನ ಮಡಿಲು. ಲ್ಯಾಟಿನಿಗೆ ತಿರುಗಿಸಿದವರು 12ನೆಯ ಶತಮಾನದಲ್ಲಿ ಅದನ್ನು 'ಸೈನಸ್' ಎಂದರು, ಅದರಿಂದ ಸೈನ್. ಹೆದೆಯು ಮಡಿಲಾದ ಈ ಕಥೆಯನ್ನು ಕೇಳಿ ಹುಡುಗನು ನಕ್ಕನು. ಬಳಿಕ ತಾನಾಗಿಯೇ ಕಾಗದದ ಮೇಲೆ ವೃತ್ತವನ್ನು ಬರೆದು ಹೆದೆಯನ್ನು ತೋರಿಸಿದನು.

ಅಲ್ಲಿಂದ ಒಂದು ಕ್ರಮವನ್ನು ಮಾಡಿಕೊಂಡೆವು. ಅವನು ದಿನಕ್ಕೊಂದು ವಿಷಯವನ್ನು ಓದಿಕೊಂಡು ಬಂದು, ಅದೇನೆಂಬುದನ್ನು ಮನೆಮಾತಿನಲ್ಲಿ ನಮಗೆ ಹೇಳತಕ್ಕದ್ದು. ತಿಳಿಯದಿದ್ದರೆ ನಾವು ಮತ್ತೆ ಕೇಳತಕ್ಕದ್ದು. ನಮಗೆ ಆ ಗಣಿತವು ಬಾರದಿದ್ದುದೇ ಇಲ್ಲಿ ಅನುಕೂಲವಾಯಿತು. ಏಕೆಂದರೆ ಸೂತ್ರವನ್ನು ಒಪ್ಪಿಸಿ ನಮ್ಮಿಂದ ಪಾರಾಗುವಂತಿರಲಿಲ್ಲ. ಒಂದು ಸಂಜೆ 'ಪಾರ್ಷಿಯಲ್ ಡಿಫರೆನ್ಸಿಯೇಶನ್', ಎಂದರೆ ಆಂಶಿಕ ಅವಕಲನದ ಸರದಿ. ಲೆಕ್ಕವನ್ನು ಬಿಡಿಸಲು ಬರುತ್ತಿತ್ತು, ಮಾಡುವುದೇಕೆಂದು ಹೇಳಲು ಬರುತ್ತಿರಲಿಲ್ಲ. ಬಹಳ ತಡವರಿಸಿ, "ಒಂದು ಫಲವು ಎರಡು ಕಾರಣಗಳಿಂದ ಬದಲಾಗುವಾಗ, ಒಂದನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಮಾತ್ರ ತುಸು ಬದಲಿಸಿ ನೋಡುವುದು" ಎಂದನು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ನಮ್ಮ ತಮ್ಮನು ತಲೆಯೆತ್ತಿ, "ಅದು ಸರಿಯೇ ಅಲ್ಲವೇ? ಗೊಬ್ಬರವನ್ನೂ ನೀರನ್ನೂ ಒಟ್ಟಿಗೆ ಹೆಚ್ಚಿಸಿದರೆ ಕೊನೆ ತುಂಬಿದ್ದು ಯಾವುದರಿಂದ ಎಂದು ತಿಳಿಯುವುದು ಹೇಗೆ?" ಎಂದನು. ಹುಡುಗನು ಅಪ್ಪಯ್ಯನ ಮುಖವನ್ನೇ ನೋಡುತ್ತ ನಿಂತನು. ತನ್ನ ಪುಸ್ತಕದ ವಿಷಯವು ಮನೆಯವರಿಗೂ ತಿಳಿಯತಕ್ಕದ್ದೆಂದು ಅವನಿಗೆ ಅಂದಿನವರೆಗೆ ತೋರಿರಲಿಲ್ಲ.

ಇದೇ ರೀತಿ ಅನುಕಲನವೂ ಅರ್ಥವಾಯಿತು. ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ ಕಾಳಿನದಿಗೆ ಕಟ್ಟಿದ ಅಣೆಕಟ್ಟನ್ನು ವಾಚಕರಲ್ಲಿ ಅನೇಕರು ಬಲ್ಲರು. ನೀರಿನ ಒತ್ತಡವು ಆಳ ಹೆಚ್ಚಿದಂತೆ ಹೆಚ್ಚುತ್ತದೆ. ಮೇಲೆ ಅಲ್ಪ, ತಳದಲ್ಲಿ ಅಧಿಕ. ಆದುದರಿಂದ ಗೋಡೆಯ ಮೇಲೆ ಬೀಳುವ ಒಟ್ಟು ಬಲವನ್ನು ಒಂದೇ ಗುಣಾಕಾರದಿಂದ ತಿಳಿಯಲಾಗದು. ಗೋಡೆಯನ್ನು ತೆಳುವಾದ ಅಡ್ಡಪಟ್ಟಿಗಳಾಗಿ ಭಾವಿಸಿ, ಒಂದೊಂದರ ಮೇಲಿನ ಬಲವನ್ನು ಲೆಕ್ಕಹಾಕಿ ಎಲ್ಲವನ್ನೂ ಕೂಡಿಸಬೇಕು. ಆ ಕೂಡಿಸುವಿಕೆಯೇ ಅನುಕಲನ. ನೆಟ್ಟಗಿನ ಗೋಡೆಗೆ ತಾಗಿದ ನೀರಿನ ಆಳವು ಇಮ್ಮಡಿಯಾದರೆ ಬಲವು ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಇದನ್ನರಿಯದೆ ಕಟ್ಟಿದ ಗೋಡೆಯು ನಿಲ್ಲಲಾರದು. ಪರೀಕ್ಷೆಯ ಅಂಕಕ್ಕಾಗಿಯಲ್ಲ, ಕಟ್ಟೆಯ ಕೆಳಗೆ ವಾಸಿಸುವವರ ಪ್ರಾಣಕ್ಕಾಗಿ ಈ ಗಣಿತವು ಬೇಕೆಂದು ತಿಳಿದಾಗ ಓದುವವನಿಗೆ ಅದರಲ್ಲಿ ಗೌರವ ಹುಟ್ಟುತ್ತದೆ.

ಕನ್ನಡದಲ್ಲಿ ಇಂಥ ವಿಷಯಗಳನ್ನು ಹೇಳಲು ಸಾಧ್ಯವೇ ಎಂದು ಶಂಕಿಸುವವರುಂಟು. ನಮ್ಮ ನಾಡಿನ ರಾಜಾದಿತ್ಯನು 12ನೆಯ ಶತಮಾನದಲ್ಲಿಯೇ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ರಚಿಸಿದನು. ಕೇರಳದ ಸಂಗಮಗ್ರಾಮದ ಮಾಧವನು ಸುಮಾರು 1400ರ ವೇಳೆಗೆ ಜ್ಯೆಯ ಬೆಲೆಯನ್ನು ಮುಗಿಯದ ಶ್ರೇಢಿಯಿಂದ ಕಂಡುಹಿಡಿಯುವ ಕ್ರಮವನ್ನು ತಿಳಿದಿದ್ದನು. 16ನೆಯ ಶತಮಾನದಲ್ಲಿ ಜ್ಯೇಷ್ಠದೇವನು ಅದಕ್ಕೆ ಉಪಪತ್ತಿಯನ್ನು ತನ್ನ 'ಯುಕ್ತಿಭಾಷಾ' ಎಂಬ ಗ್ರಂಥದಲ್ಲಿ ಮಲಯಾಳದ ಗದ್ಯದಲ್ಲಿ ಬಿಡಿಸಿ ಬರೆದನು. ಅದೇ ಶ್ರೇಢಿಯನ್ನು ಇಂದಿನ ವಿದ್ಯಾರ್ಥಿಯು 18ನೆಯ ಶತಮಾನದ ಸ್ಕಾಟ್ಲೆಂಡಿನ ಮ್ಯಾಕ್ಲಾರಿನ್ ಎಂಬವನ ಹೆಸರಿನ ವಿಸ್ತರಣದಲ್ಲಿ ಓದುತ್ತಾನೆ. ಇದನ್ನು ಹೇಳುವುದು ಪೂರ್ವಿಕರ ಹೆಮ್ಮೆಯನ್ನು ಕೊಚ್ಚಿಕೊಳ್ಳುವುದಕ್ಕಲ್ಲ. ಯುಕ್ತಿಯು ಜನರ ಮಾತಿನಲ್ಲಿಯೂ ನಿಲ್ಲಬಲ್ಲದೆಂದು ತೋರಿಸುವುದಕ್ಕೆ.

ಹಾಗೆಂದು ಇಂಗ್ಲಿಷನ್ನು ತೊರೆಯಬೇಕೆಂದು ನಾವು ಹೇಳುವವರಲ್ಲ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿಯಿತ್ತಿತು. ಆದರೂ ಆ ದಾರಿಯನ್ನು ಹಿಡಿದವರು ನಮ್ಮ ನಾಡಿನಲ್ಲಿ ವಿರಳ. ಪರೀಕ್ಷೆಯೂ ಉದ್ಯೋಗವೂ ಇಂಗ್ಲಿಷಿನಲ್ಲಿ ನಡೆಯುವಾಗ ಹುಡುಗರ ಹಿಂಜರಿಕೆಯು ಸಹಜವೇ. ಹೆಸರನ್ನು ಇಂಗ್ಲಿಷಿನಲ್ಲಿ ಕಲಿಯಲಿ, ಅರ್ಥವನ್ನು ಕನ್ನಡದಲ್ಲಿ ಹಿಡಿಯಲಿ. ಎರಡೂ ಕೂಡಿದರೆ ವಿದ್ಯೆ. ಹೆಸರು ಮಾತ್ರ ಉಳಿದರೆ ಅದು ಕಂಠಪಾಠ. ಕಂಠಪಾಠದ ಗುಣವನ್ನೂ ಮಿತಿಯನ್ನೂ ನಮ್ಮಂಥ ಸಂಸ್ಕೃತದವರು ಚೆನ್ನಾಗಿ ಬಲ್ಲೆವು.

ಗೃಹಸ್ಥರು ಮಾಡಬಹುದಾದ ಕಾರ್ಯಗಳು ಹೆಚ್ಚು ಹಣವನ್ನು ಬೇಡುವಂಥವಲ್ಲ. ಮಗನಾಗಲಿ ಮಗಳಾಗಲಿ ರಜೆಯಲ್ಲಿ ಮನೆಗೆ ಬಂದಾಗ ಅಂಕವೆಷ್ಟೆಂದು ಕೇಳುವುದಕ್ಕೆ ಮೊದಲು, ಏನು ಕಲಿತೆ, ನಮಗೂ ತಿಳಿಯುವಂತೆ ಹೇಳು ಎಂದು ಕೇಳಿರಿ. ಅಡಿಗೆಮನೆಯಲ್ಲಿರುವ ತಾಯಂದಿರೂ ಕೇಳಬಹುದು. ಹತ್ತನೆಯ ಇಯತ್ತೆಯ ಕನ್ನಡ ಗಣಿತಪುಸ್ತಕವನ್ನು ರದ್ದಿಗೆ ಹಾಕದೆ ಕಾದಿಟ್ಟು, ಕಾಲೇಜಿಗೆ ಹೋಗುವ ಮೊದಲಿನ ಬಿಡುವಿನಲ್ಲಿ ಅದರ ಒಂದೊಂದು ಶಬ್ದದ ಎದುರಿಗೂ ಇಂಗ್ಲಿಷ್ ಶಬ್ದವನ್ನು ಬರೆದುಕೊಳ್ಳುವಂತೆ ಹೇಳಿರಿ. ಒಂದು ವಿಷಯವು ಉಳಿದರೆ ಅದನ್ನು ಮರಳಿ ಬರೆಯಲು ಅವಕಾಶವುಂಟು. ಅದಕ್ಕಾಗಿ ಮನೆಯಲ್ಲಿ ಸೂತಕದ ಮುಖ ಬೇಡ.

ನಮ್ಮ ತಮ್ಮನ ಮಗನು ಉಳಿದಿದ್ದ ಗಣಿತವನ್ನು ಮುಂದಿನ ಪರೀಕ್ಷೆಯಲ್ಲಿ ಮುಗಿಸಿದನು. ಅಂಕಗಳು ಸಾಧಾರಣವೇ. ಈಗ ಅವನು ಮೂರನೆಯ ವರ್ಷದಲ್ಲಿದ್ದಾನೆ, ಸಾಲವಿನ್ನೂ ತೀರಬೇಕಾಗಿದೆ. ಆದರೆ ಅವನು ಊರಿಗೆ ಬಂದಾಗ ಪಕ್ಕದ ಕೇರಿಯ ಪಿ.ಯು. ಓದುವ ಹುಡುಗಿಯರಿಬ್ಬರು ಪುಸ್ತಕ ಹಿಡಿದು ಬರುತ್ತಾರೆ, ಅವನು ಅವರಿಗೆ ಮೊದಲು ಕೇಳುವುದು ಶಬ್ದದ ಅರ್ಥವನ್ನೇ. ಮೂರು ತಾಲೂಕುಗಳ ಹಳ್ಳಿಹಳ್ಳಿಯಲ್ಲಿಯೂ ಕಾಲೇಜು ಕಂಡು ಬಂದ ಇಂಥ ಒಬ್ಬೊಬ್ಬರು ಈಗ ಇದ್ದೇ ಇರುತ್ತಾರೆ. ಅವರನ್ನು ಜಗಲಿಗೆ ಕರೆದು ಕುಳ್ಳಿರಿಸುವುದು ಗೃಹಸ್ಥರ ಕೆಲಸ.