ಸಂಕಟ

ಕಾಸರಗೋಡಿನವರಾದ ನಮಗೆ ಕನ್ನಡ, ಮಲೆಯಾಳ ಎರಡರಲ್ಲೂ ಸಲ್ಲುವ ಶಬ್ದಗಳ ಮೇಲೆ ಭರವಸೆ ಹೆಚ್ಚು. ರೋಗ, ಔಷಧ, ಶ್ವಾಸ ಎಲ್ಲಿಯೂ ಚಲಾವಣೆಯಾಗುತ್ತವೆ. ಕೆಲವಕ್ಕೆ ಮಾತ್ರ ಗಡಿ ದಾಟಿದರೆ ಬೆಲೆ ಬೇರೆ. ಮಲೆಯಾಳದಲ್ಲಿ ಕಾಲಿಗೆ ‘ನೀರು’ ಬಂದರೆ ಅದು ಬಾವು. ಅದರಿಂದ ಅಪಾಯವೇನಿಲ್ಲ. ‘ಸಂಕಟ’ ಹಾಗಲ್ಲ.

2019ರಲ್ಲಿ ಅಮ್ಮ ಆಸ್ಪತ್ರೆಯೊಂದರಲ್ಲಿ “ಎದೆಯೊಳಗೆ ಸಂಕಟ” ಎಂದರು. ತಿರುವಿದಾಂಕೂರಿನ ಕಡೆಯ ಎಳೆಯ ಡಾಕ್ಟರು ಮರುಕದಿಂದ, “ಎಂತಾ ಸಂಕಟಂ?” ಎಂದರು. ಮಲೆಯಾಳದಲ್ಲಿ ಅದು ದುಃಖ. ಅಮ್ಮನಿಗೆ ದುಃಖಕ್ಕೇನು ಬರಗಾಲವೇ, ಆರಂಭಿಸಿಯೇಬಿಟ್ಟರು! ನಾನು ನಡುವೆ ಬಾಯಿ ಹಾಕಿ, “ದುಃಖವಲ್ಲ, ನೆಂಜಿಲ್ ಭಾರಂ, ಬೆಳಗ್ಗಿನಿಂದ, ತೋಳಿಗೂ ಇಳಿಯುತ್ತದೆ” ಎಂದು ಮಲೆಯಾಳದಲ್ಲಿ ಹೇಳಿದೆ. ಕೂಡಲೇ ಇ.ಸಿ.ಜಿ. ತೆಗೆದರು. ಹೃದಯಾಘಾತವೇ ಆಗಿತ್ತು. ಅಮ್ಮ ಉಳಿದರು.

ರೋಗಿ ಅನುಭವಿಸಿ ಹೇಳುವುದು ಲಕ್ಷಣ, ಡಾಕ್ಟರು ನೋಡಿ ಮುಟ್ಟಿ ತಿಳಿಯುವುದು ಚಿಹ್ನೆ. ಕಾಮಾಲೆಯನ್ನು ಕಣ್ಣಿನ ಹಳದಿಯೇ ತೋರಿಸೀತು. ಸಂಕಟವನ್ನು ಬಾಯಿಯೇ ಹೇಳಬೇಕು. ಹೆಂಗಸರಲ್ಲಿ, ಸಕ್ಕರೆಕಾಯಿಲೆಯವರಲ್ಲಿ ಹೃದಯಾಘಾತ ನೋವೇ ಇಲ್ಲದೆ ಬರೀ ಏದುಸಿರು, ಬೆವರು, ಓಕರಿಕೆಯಾಗಿ ಬರುವುದೂ ಉಂಟು.

ಈಗ ನೆರೆಯವರು ಆಸ್ಪತ್ರೆಗೆ ಹೊರಟರೆ, ಬ್ಯಾಂಕಿನಲ್ಲಿ ಚಲನ್ ಬರೆದುಕೊಡುವಂತೆ ಮಲೆಯಾಳದಲ್ಲಿ ಚೀಟಿ ಬರೆದುಕೊಡುತ್ತೇನೆ: ಎಲ್ಲಿ, ಯಾವಾಗಿನಿಂದ, ಎತ್ತ ಹಬ್ಬುತ್ತದೆ, ಯಾವುದರಿಂದ ಹೆಚ್ಚುತ್ತದೆ. ಸಂಕಟವೆಂದವರನ್ನು ಮಾತ್ರ ಉರಿಯೋ, ಭಾರವೋ, ಉಸಿರು ಕಟ್ಟುವುದೋ ಎಂದು ಕೇಳದೆ ಬಿಡುವುದಿಲ್ಲ.