ಮೂರು ದಿನಕ್ಕೊಂದು ದ್ವೀಪ

ದ್ವೀಪ ಎಂದರೆ ನನಗೆ ಗೊತ್ತಿದ್ದದ್ದು ಶ್ರೀರಂಗಪಟ್ಟಣ ಒಂದೇ. ಏಳನೇ ತರಗತಿಯಲ್ಲಿದ್ದಾಗ ಶಾಲೆಯ ಪ್ರವಾಸದಲ್ಲಿ ಕರೆದೊಯ್ದಿದ್ದರು. ಕಾವೇರಿ ಎರಡು ಕವಲಾಗಿ ಊರನ್ನು ಸುತ್ತುವರಿದಿದೆ, ಆದ್ದರಿಂದ ಇದು ದ್ವೀಪ ಎಂದು ಮೇಷ್ಟ್ರು ವಿವರಿಸಿದರು. ಬಸ್ಸಿನಲ್ಲಿ ಕೂತೇ ದ್ವೀಪಕ್ಕೆ ಬಂದುಬಿಟ್ಟೆವಲ್ಲ ಎಂದು ನಮಗೆಲ್ಲ ನಿರಾಸೆಯಾಗಿತ್ತು. ಹೊಸಕೋಟೆಯಲ್ಲಿ ಹುಟ್ಟಿ ಹೊಸಕೋಟೆಗೇ ಸೊಸೆಯಾದ ನನಗೆ ನೀರು ಎಂದರೆ ಊರ ಕೆರೆ, ದಾರಿ ಎಂದರೆ ಊರಿನ ಪಕ್ಕದಲ್ಲೇ ಹಾದುಹೋಗುವ ಮದರಾಸು ರಸ್ತೆ. ಸಮುದ್ರವನ್ನು ಕಣ್ಣಾರೆ ಕಂಡದ್ದು ಮೂರು ವರ್ಷದ ಹಿಂದೆ, ಮಗಳನ್ನು ಮಂಗಳೂರಿನಲ್ಲಿ ನರ್ಸಿಂಗ್ ಓದಲು ಸೇರಿಸಿದಾಗ.

ಆ ಮಗಳು ಕಳೆದ ರಂಜಾನಿನ ರಜೆಗೆ ಬಂದವಳು ಇಫ್ತಾರಿನ ಪಾತ್ರೆ ತೊಳೆಯುತ್ತಾ, "ಅಮ್ಮಿ, ಲಕ್ಷದ್ವೀಪಕ್ಕೆ ಹೋಗಬೇಕು" ಎಂದಳು. ಒಂದು ದ್ವೀಪವಲ್ಲ, ಒಂದರಿಂದ ಇನ್ನೊಂದಕ್ಕೆ, ಹದಿನೈದು ದಿನ. ಹಾಸ್ಟೆಲಿನಲ್ಲಿ ಅವಳ ಕೋಣೆಯ ಗೆಳತಿ ಕಡಮತ್ ದ್ವೀಪದವಳು. ಕೈಯಲ್ಲಿ ಎಷ್ಟಿದೆ ಎಂದು ಕೇಳಿದೆ. ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದು, ಈದಿಗೆ ಬಂದದ್ದು ಎಲ್ಲ ಸೇರಿ ಹನ್ನೊಂದು ಸಾವಿರ.

ಅವಳದು ಕೊನೆಯ ವರ್ಷ. ಕೋರ್ಸ್ ಮುಗಿದರೆ ಕೆಲಸ, ಕೆಲಸದ ಹಿಂದೆಯೇ ಮದುವೆ. ಒಂದು ಕಡೆ ಮಾತುಕತೆಯೂ ನಡೆಯುತ್ತಿದೆ. ಹುಡುಗನ ಮನೆಯವರು ಒಳ್ಳೆಯವರೇ. ಆದರೆ ಸೊಸೆಯನ್ನು ಹದಿನೈದು ದಿನ ಸಮುದ್ರದ ಮೇಲೆ ಕಳಿಸುವಷ್ಟು ಒಳ್ಳೆಯವರು ಯಾರ ಮನೆಯಲ್ಲಿದ್ದಾರೆ ಹೇಳಿ? ಹೋದರೆ ಈಗಲೇ ಹೋಗಬೇಕು ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಅತ್ತೆಗೆ ವಿಷಯ ತಿಳಿದದ್ದೇ ತಡ, "ಹೆಣ್ಣುಮಕ್ಕಳು ಒಂಟಿಯಾಗಿ ಹಡಗು ಹತ್ತುವುದೇ?" ಎಂದರು. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಮಹ್ರಮ್ ಇಲ್ಲದೆ ದೂರದ ಪ್ರಯಾಣ ಎಂದರೆ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಏಳುವ ಪ್ರಶ್ನೆ ಅದು. ಆದರೆ ಮಗಳು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿತು. ಅವಳ ಗೆಳತಿ ಪ್ರತಿ ರಜೆಗೂ ಅದೇ ಹಡಗಿನಲ್ಲಿ ಊರಿಗೆ ಹೋಗಿಬರುತ್ತಾಳೆ. ದ್ವೀಪಗಳಲ್ಲಿ ಮೇಲಿನ ಓದಿಗೆ ಅವಕಾಶ ಕಡಿಮೆ. ಓದಬೇಕೆಂದರೆ ಹೆಣ್ಣು ಗಂಡೆನ್ನದೆ ಕಡಲು ದಾಟಲೇಬೇಕು. ಕೊಚ್ಚಿಯಿಂದ ದ್ವೀಪವನ್ನು ನೋಡಿಕೊಂಡು 14ರಿಂದ 18 ಗಂಟೆಯ ದಾರಿ. ನಮ್ಮ ಹುಡುಗಿಯರು ಮೆಜೆಸ್ಟಿಕ್‌ಗೆ ಬಸ್ಸು ಹತ್ತಿದ ಹಾಗೆ ಅಲ್ಲಿನ ಹುಡುಗಿಯರು ಹಡಗು ಹತ್ತುತ್ತಾರೆ. ಅತ್ತೆಗೆ ನಾನು ಇಬ್ನ್ ಬತೂತನ ವಿಷಯವನ್ನೂ ಹೇಳಿದೆ. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ ಆತ, ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದಾರೆ, ಹೆಣ್ಣುಮಕ್ಕಳಿಗೇ 13 ಶಾಲೆಗಳಿವೆ ಎಂದು ಬರೆದಿಟ್ಟಿದ್ದಾನೆ. ಅತ್ತೆ ಶಾಂತವಾಗಿ ಕೇಳಿ, "ಅವರು ಹೊನ್ನಾವರದಲ್ಲೇ ಓದಿದರಲ್ಲ, ಹಡಗು ಹತ್ತಲಿಲ್ಲವಲ್ಲ" ಎಂದರು. ವಾದದಲ್ಲಿ ಅವರನ್ನು ಈ ಮನೆಯಲ್ಲಿ ಯಾರೂ ಗೆದ್ದಿಲ್ಲ.

ಕೊನೆಗೆ ನಮ್ಮ ಮನೆಯವರೇ ತೀರ್ಮಾನ ಹೇಳಿದರು. ಅವರು ಸರಕು ಗಾಡಿ ಓಡಿಸುವವರು, ಮಾತು ಕಡಿಮೆ. "ತಮ್ಮ ಜೊತೆಗೆ ಹೋಗಲಿ. ನೀನೂ ಹೋಗು." ಮಗಳ ಮುಖ ಅರಳಿತು, ಪಿಯುಸಿ ಓದುವ ಮಗನ ಮುಖವೂ ಅರಳಿತು. ಹನ್ನೊಂದು ಸಾವಿರ ಮಾತ್ರ ಇದ್ದಷ್ಟೇ ಇತ್ತು. ಒಬ್ಬಳ ದುಡ್ಡಿಗೆ ಈಗ ಮೂವರು ಪ್ರಯಾಣಿಕರು.

ಮೊದಲು ನೋಡಿದ್ದು ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ 'ಸ್ಪೋರ್ಟ್ಸ್' ನಡೆಸುವ ಪ್ಯಾಕೇಜುಗಳನ್ನು. 'ಸಮುದ್ರಂ' ಎಂಬ ಐದು ದಿನದ ಹಡಗಿನ ಪ್ರವಾಸದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸುತ್ತಾರೆ. ಹಗಲು ದ್ವೀಪ, ರಾತ್ರಿ ಹಡಗಿನಲ್ಲೇ ನಿದ್ದೆ. ವ್ಯವಸ್ಥೆಯೇನೋ ಅಚ್ಚುಕಟ್ಟು. ಆದರೆ ತಲೆಗೆ ಹತ್ತಾರು ಸಾವಿರ. ಮೂರು ತಲೆಗೆ ಲೆಕ್ಕ ಹಾಕಿ ಮಗಳು ಪುಸ್ತಕ ಮುಚ್ಚಿಬಿಟ್ಟಳು.

ಉಳಿದದ್ದು ಇನ್ನೊಂದು ದಾರಿ. ಲಕ್ಷದ್ವೀಪಕ್ಕೆ ನಾವು ನೀವು ಹೀಗೇ ಹೋಗಿ ಇಳಿಯುವ ಹಾಗಿಲ್ಲ. 1967ರ ನಿಯಮಗಳ ಪ್ರಕಾರ ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು. ದ್ವೀಪದ ನಿವಾಸಿಯೊಬ್ಬರು ಇವರು ನಮ್ಮ ಅತಿಥಿಗಳು ಎಂದು ಬರೆದುಕೊಟ್ಟರೆ, ಪೊಲೀಸರ ನಡತೆ ಪ್ರಮಾಣಪತ್ರ, ಗುರುತಿನ ಚೀಟಿ, ಫೋಟೊ ಸೇರಿಸಿ ಅರ್ಜಿ ಹಾಕಬಹುದು. ಯಾವ ಯಾವ ದ್ವೀಪ ಎಂದು ಮೊದಲೇ ಹೇಳಬೇಕು. ಚೆನ್ನಾಗಿದೆ, ಇನ್ನೆರಡು ದಿನ ಇಲ್ಲೇ ಇದ್ದು ಪಕ್ಕದ ದ್ವೀಪವನ್ನೂ ನೋಡೋಣ ಎಂದು ಅಲ್ಲಿ ನಿಂತು ಯೋಚಿಸುವ ಹಾಗಿಲ್ಲ. ಗೆಳತಿಯ ತಂದೆ ಸಂತೋಷದಿಂದ ಒಪ್ಪಿದರು. ಹದಿನೈದು ದಿನವೂ ನಮ್ಮ ಮನೆಯಲ್ಲೇ ಇರಿ ಎಂದರು.

ಇಲ್ಲಿ ಮತ್ತೆ ಅತ್ತೆ ಬಂದರು. "ಮೆಹಮಾನಿ ಮೂರು ದಿನ. ಅದರ ಮೇಲೆ ಉಂಡದ್ದು ಖೈರಾತು." ಪ್ರವಾದಿಯವರ ಈ ಮಾತು ನಮಗೆಲ್ಲ ಗೊತ್ತಿರುವುದೇ. ಅತಿಥಿಯ ಹಕ್ಕು ಮೂರು ದಿನ, ಆತಿಥೇಯನಿಗೆ ಹೊರೆಯಾಗುವಷ್ಟು ಕಾಲ ಉಳಿಯಬಾರದು. ಅಡುಗೆಮನೆಯಲ್ಲಿ ಹೇಳಿದ ಈ ಮಾತೇ ನಮ್ಮ ಪ್ರವಾಸದ ನಕ್ಷೆಯಾಯಿತು. ಕಡಮತ್‌ನಲ್ಲಿ ಗೆಳತಿಯ ಮನೆಯಲ್ಲಿ ಮೂರು ದಿನ. ಪಕ್ಕದ ಅಮಿನಿಯಲ್ಲಿ ಅವಳ ಚಿಕ್ಕಮ್ಮನ ಮನೆ, ಅಲ್ಲಿ ಮೂರು ದಿನ. ರಾಜಧಾನಿ ಕವರತ್ತಿಯಲ್ಲಿ ಇನ್ನೊಬ್ಬ ಸಹಪಾಠಿಯ ಮನೆ, ಅಲ್ಲಿ ಮೂರು ದಿನ. ಉಳಿದ ದಿನಗಳಲ್ಲಿ ಎರಡು ಹೋಗುವ ದಾರಿಗೆ, ಎರಡು ಬರುವ ದಾರಿಗೆ, ಎರಡು ಹಡಗು ಕಾಯುವುದಕ್ಕೆ. ಕಾಯುವ ದಿನಗಳಿಗೆ ಮಾತ್ರ ಬಾಡಿಗೆ ಕೋಣೆ. ಮಗಳಿಗೆ ಮಿನಿಕಾಯ್ ನೋಡುವ ಆಸೆಯಿತ್ತು. ಮಾಲ್ದೀವ್ಸಿನ ಭಾಷೆಯನ್ನೇ ಅಲ್ಲಿ ಮಹಲ್ ಎಂದು ಆಡುತ್ತಾರಂತೆ, 1885ರ ದೀಪಸ್ತಂಭವಿದೆಯಂತೆ. ಆದರೆ ಅದು ಉಳಿದ ದ್ವೀಪಗಳಿಂದ ಬಹುದೂರ, ದಕ್ಷಿಣದ ತುದಿಯಲ್ಲಿದೆ. ಅಲ್ಲಿ ನಮಗೆ ಪರಿಚಯದ ಮನೆಯೂ ಇಲ್ಲ. ಅದನ್ನು ಕೈಬಿಟ್ಟೆವು.

ಕಡಮತ್, ಅಮಿನಿ ಎಂದು ಮಗಳು ಹೇಳುತ್ತಿದ್ದಾಗ ಪರದೇಶದ ಹೆಸರಿನಂತೆ ಕೇಳುತ್ತಿತ್ತು. ಆಮೇಲೆ ತಿಳಿಯಿತು, ಅವು ಒಂದು ಕಾಲಕ್ಕೆ ನಮ್ಮವೇ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದನ್ನು ಅಮೀನ್‌ದೀವಿ ದ್ವೀಪಗಳು ಎನ್ನುತ್ತಿದ್ದರು. 18ನೇ ಶತಮಾನದ ಕೊನೆಯ ಭಾಗದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮಿನಿಯ ಜನ ಕಡಲು ದಾಟಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ನಮ್ಮ ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಆ ದ್ವೀಪಗಳ ಆಡಳಿತ ವಹಿಸಿಕೊಂಡ. 1799ರಲ್ಲಿ ಆತ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಅವು ಇಂಗ್ಲಿಷರ ಪಾಲಾದವು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮಂಗಳೂರಿನ ಕಲೆಕ್ಟರರ ಕೈಕೆಳಗಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಸರಕಾರಕ್ಕೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ, ಅವು ಕೇಂದ್ರಾಡಳಿತ ಪ್ರದೇಶವಾಗಿ ಬೇರೆಯಾದವು. ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ದಿನಸಿ, ಮನೆ ಕಟ್ಟುವ ಸಾಮಾನು ಹೊತ್ತ ಮಂಜಿಗಳು ಲಕ್ಷದ್ವೀಪಕ್ಕೆ ಹೋಗುವ ರೂಢಿ ಮಾತ್ರ ಆ ಬಳಿಕವೂ ನಿಲ್ಲಲಿಲ್ಲ. ಇದನ್ನು ಕೇಳಿದ ಮೇಲೆ ಅತ್ತೆ, "ಹಾಗಾದರೆ ಟಿಪ್ಪು ಕಾಲದ ನೆಂಟಸ್ತಿಕೆ" ಎಂದರು. ಅವರ ವಿರೋಧ ಅರ್ಧ ಕರಗಿದ್ದು ಅಂದೇ.

ನಡತೆ ಪ್ರಮಾಣಪತ್ರಕ್ಕೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿದ ಮೇಲೆ ಒಂದು ಮಧ್ಯಾಹ್ನ ಪೊಲೀಸಿನವರು ವಿಚಾರಣೆಗೆ ಮನೆಗೆ ಬಂದರು. ಬೀದಿಯ ಬಾಗಿಲುಗಳೆಲ್ಲ ತೆರೆದವು.

"ಯಾವ ದೇಶಕ್ಕಮ್ಮಾ ಹೋಗ್ತಿರೋದು? ಸೌದೀನಾ?"

"ದೇಶ ಅಲ್ಲ ಸಾರ್, ಲಕ್ಷದ್ವೀಪ. ನಮ್ಮದೇ."

"ನಮ್ಮದೇ ಆದ್ರೆ ಇದೆಲ್ಲ ಯಾಕೆ ಬೇಕು?"

ಅಲ್ಲಿನವರಲ್ಲಿ ಹೆಚ್ಚಿನವರು ಪರಿಶಿಷ್ಟ ಪಂಗಡದವರು, ಜಾಗ ಬಹಳ ಚಿಕ್ಕದು, ಹೊರಗಿನವರು ನುಗ್ಗಬಾರದೆಂದು ಈ ಕಟ್ಟುಪಾಡು ಎಂದು ಮಗಳು ವಿವರಿಸಿದಳು. ಎಲ್ಲ ದ್ವೀಪ ಸೇರಿದರೂ 32 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ 64,473 ಜನ. ಅವರು ತಲೆಯಾಡಿಸಿ, ಚಹಾ ಕುಡಿದು, ಸಹಿ ಪಡೆದು ಹೋದರು. ಸಂಜೆಯೊಳಗೆ ನಮ್ಮ ಬೀದಿಯಲ್ಲಿ ನಾವು ಮೂವರೂ ಸೌದಿಗೆ ಕೆಲಸಕ್ಕೆ ಹೋಗುವವರಾಗಿದ್ದೆವು.

ಇನ್ನು ದುಡ್ಡಿನ ಮಾತು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮೇ ತಿಂಗಳಿನಿಂದ ಜೂನ್ ಕೊನೆಯವರೆಗೆ ಶಾಲೆಯ ಸಮವಸ್ತ್ರಗಳ ಕಾಲ. ಈ ವರ್ಷ ಎಂದಿಗಿಂತ ನಲವತ್ತು ಜೊತೆ ಹೆಚ್ಚು ಒಪ್ಪಿಕೊಂಡೆ. ರಾತ್ರಿ ಹನ್ನೆರಡರವರೆಗೆ ಮೆಷಿನ್ನು ತುಳಿದದ್ದುಂಟು. ಆ ದುಡ್ಡು ಮಗನ ಮತ್ತು ನನ್ನ ಹಡಗಿನ ಟಿಕೆಟ್ಟಿಗೆ ಮೀಸಲು. ಹಡಗಿನಲ್ಲಿ ಬಂಕ್ ದರ್ಜೆಯೇ ಎಲ್ಲಕ್ಕಿಂತ ಅಗ್ಗ. ದೊಡ್ಡ ಹಾಲಿನಲ್ಲಿ ಸಾಲು ಸಾಲಾಗಿ ಮಲಗುವ ಜಾಗ. ದ್ವೀಪದವರಿಗೆ ಒಂದು ದರ, ಹೊರಗಿನವರಿಗೆ ಅದಕ್ಕಿಂತ ಹೆಚ್ಚು.

ಮಂಗಳೂರಿನವರೆಗೆ ನನಗೆ ಖರ್ಚೇ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿದರೆ ಸರಕಾರಿ ವೇಗದೂತ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ. ಮಗನಿಗೆ ಮಾತ್ರ ಟಿಕೆಟ್. ಗಂಡುಮಗುವಿಗೆ ಖರ್ಚು ಹೆಚ್ಚು ಎಂದು ಹೇಳುವ ಅವಕಾಶ ನಮ್ಮ ಮನೆಯಲ್ಲಿ ಮೊದಲ ಸಲ ಬಂತು, ಮಗಳು ಅದನ್ನು ಬಿಡುತ್ತಿಲ್ಲ. ಮಂಗಳೂರಿನಿಂದ ರಾತ್ರಿಯ ಮಲಬಾರ್ ಎಕ್ಸ್‌ಪ್ರೆಸ್‌ನಲ್ಲಿ ಎರ್ನಾಕುಲಂ, ಸ್ಲೀಪರ್ ದರ್ಜೆ. ಅಲ್ಲಿಂದ ಹಡಗು ಹೊರಡುವ ವಿಲ್ಲಿಂಗ್ಡನ್ ದ್ವೀಪ. ಬಂದರಿನ ಹೂಳೆತ್ತಿ ಆ ಮಣ್ಣಿನಿಂದಲೇ ಮನುಷ್ಯರು ಮಾಡಿದ ದ್ವೀಪ ಅದು. ಅಲ್ಲಿಗೆ ಲೆಕ್ಕದಲ್ಲಿ ಒಂದು ದ್ವೀಪ ಮುಗಿಯಿತು ಎನ್ನುತ್ತಾನೆ ಮಗ.

ತೀರ್ಮಾನವಾಗದೆ ಉಳಿದಿರುವುದು ಹಡಗಿನ ಟಿಕೆಟ್. ಮಳೆಗಾಲದಲ್ಲಿ ಕಡಲು ಒರಟು, ಸಂಚಾರ ಕಡಿಮೆ. ಆದ್ದರಿಂದ ಜನವರಿ ಎಂದು ಇಟ್ಟುಕೊಂಡಿದ್ದೇವೆ. ಆಗಲೂ ಟಿಕೆಟ್ ಸುಲಭವಲ್ಲ. ಆಸ್ಪತ್ರೆಗೆ ಬಂದುಹೋಗುವ ರೋಗಿಗಳು, ವಿದ್ಯಾರ್ಥಿಗಳು, ಹೀಗೆ ದ್ವೀಪದವರದೇ ನೂರು ಅಗತ್ಯಗಳಿರುತ್ತವೆ. ಅವರಿಗೆ ಅದು ಪ್ರವಾಸವಲ್ಲ, ಊರಿನ ಏಕೈಕ ಬಸ್ಸು. ನಮ್ಮಂಥವರು ಜಾಗ ಹಿಡಿದು ಒಬ್ಬ ರೋಗಿ ಹಿಂದೆ ಉಳಿದರೆ? ಗೆಳತಿಯ ತಂದೆಗೆ ನಾನೇ ಹೇಳಿದ್ದೇನೆ, ಜನ ಕಡಿಮೆ ಇರುವ ಹಡಗಾದರೆ ಮಾತ್ರ ನಮ್ಮ ಹೆಸರು ಕೊಡಿ, ಇಲ್ಲದಿದ್ದರೆ ಒಂದು ವಾರ ಮುಂದೆ ಹೋದರೂ ಸರಿ. ವಿದ್ಯಾರ್ಥಿಗಳ ಹತ್ತಿರ ದುಡ್ಡಿಲ್ಲದಿದ್ದರೂ ದಿನಗಳಿರುತ್ತವಲ್ಲ. ಜನವರಿಯಲ್ಲಿ ಆಗದೇ ಹೋದರೆ ಕೊಚ್ಚಿಯಲ್ಲೇ ಜನರ ದೋಣಿ ಹಿಡಿದು ವೈಪಿನ್, ಫೋರ್ಟ್ ಕೊಚ್ಚಿ ಸುತ್ತಿ, ಬರುವಾಗ ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ನೋಡಿಬರುವುದು ಎಂದೂ ಮಗಳು ಬರೆದಿಟ್ಟಿದ್ದಾಳೆ. ಅದಕ್ಕೆ ಅವಳ ಹನ್ನೊಂದು ಸಾವಿರವೇ ಸಾಕು. ಆ ಪುಟವನ್ನು ಅವಳು ತಿರುಗಿಸಿ ನೋಡುವುದಿಲ್ಲ.

ಅತಿಥಿಗಳಾಗಿ ಹೋಗುವವರು ತಿಳಿದಿರಬೇಕಾದ ಒಂದು ಸಂಗತಿ ನೀರಿನದು. ಅಲ್ಲಿ ಹೊಳೆಯಿಲ್ಲ, ತೊರೆಯಿಲ್ಲ. ಹವಳದ ಮರಳಿನಡಿ ಮಳೆನೀರು ತೆಳ್ಳಗೆ ಒಂದು ಪದರವಾಗಿ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಅತಿಯಾಗಿ ಎತ್ತಿದರೆ ಬಾವಿ ಉಪ್ಪಾಗುತ್ತದೆ. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಸಿಹಿ ಮಾಡುವ ಸ್ಥಾವರ ನಡೆಸಿದ್ದಾರೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ದೂಳು ಬರುವ ನಮ್ಮ ತಾಲೂಕಿನವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದು ಬಕೆಟ್ಟಿನಲ್ಲಿ ಸ್ನಾನ, ಅದರಲ್ಲೇ ಬಟ್ಟೆ ಎಂದು ಮಗನಿಗೆ ಈಗಿನಿಂದಲೇ ಅಭ್ಯಾಸ ಮಾಡಿಸುತ್ತಿದ್ದೇನೆ.

ಎಲ್ಲಕ್ಕಿಂತ ನನಗೆ ಕುತೂಹಲ ಇರುವುದು ಆ ಮನೆಗಳ ಬಗ್ಗೆ. ಅಲ್ಲಿನವರು ನಮ್ಮ ಹಾಗೆಯೇ ಮುಸ್ಲಿಮರು. ಆದರೆ ಮನೆತನ ತಾಯಿಯ ಕಡೆಯಿಂದ ಸಾಗುತ್ತದೆ, ಅದನ್ನು ತರವಾಡು ಎನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಮದುವೆಯಾದ ಹೆಣ್ಣು ತವರು ಬಿಡುವುದಿಲ್ಲ. ಗಂಡನೇ ರಾತ್ರಿ ಅವಳ ಮನೆಗೆ ಬರುತ್ತಾನೆ. ಆಸ್ತಿಯಲ್ಲೂ ಎರಡು ಬಗೆ. ತರವಾಡಿನದು ಶುಕ್ರವಾರದ ಸೊತ್ತು, ಅದು ಹೆಣ್ಣಿನ ಸಂತಾನದ ಮೂಲಕ ಇಳಿದುಬರುತ್ತದೆ. ತಾನೇ ದುಡಿದದ್ದು ಸೋಮವಾರದ ಸೊತ್ತು, ಅದಕ್ಕೆ ಶರೀಅತ್ತಿನ ಪ್ರಕಾರ ಹಂಚಿಕೆ. ಲೀಲಾ ದುಬೆ ಎಂಬ ಸಮಾಜಶಾಸ್ತ್ರಜ್ಞೆ 1969ರಲ್ಲೇ ಇದರ ಬಗ್ಗೆ ಪುಸ್ತಕ ಬರೆದಿದ್ದಾರೆ. ಈಗ ಗಂಡ ಹೆಂಡತಿ ಬೇರೆ ಮನೆ ಮಾಡುವುದೂ ಉಂಟು. ಆದರೂ ಮಗಳ ಗೆಳತಿ "ನನ್ನ ಮನೆ" ಎನ್ನುವಾಗ ತಾಯಿ ಹುಟ್ಟಿದ, ತಾನೂ ಹುಟ್ಟಿದ ಮನೆಯನ್ನೇ ಹೇಳುತ್ತಾಳೆ. ಮದುವೆಯಾದ ಮೇಲೂ ಅದನ್ನೇ ಹೇಳುತ್ತಾಳಂತೆ. ನನ್ನ ಮಗಳು ಇದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದಳು. ನಾನೂ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಊಟದ ಖರ್ಚಿಗೆ ಏನಾದರೂ ಕೊಡೋಣವೆಂದು ಕೇಳಿದ್ದಕ್ಕೆ ಗೆಳತಿಯ ತಾಯಿಗೆ ಬೇಸರವಾಯಿತು. ದುಡ್ಡಿನ ಮಾತೇ ಬೇಡ ಎಂದರು. ಎರಡು ದಿನ ಬಿಟ್ಟು ಅವರೇ ಮಗಳ ಕೈಯಲ್ಲಿ ಹೇಳಿಕಳಿಸಿದರು: ನಿನ್ನ ಅಮ್ಮಿ ಹೊಲಿಯುತ್ತಾರಂತಲ್ಲ, ನಮ್ಮ ಹುಡುಗಿಯರಿಗೆ ಬೆಂಗಳೂರಿನ ಕಡೆಯ ಮಾದರಿಯ ಚೂಡಿದಾರ ಹೊಲಿದುಕೊಡುತ್ತಾರೆಯೇ? ನನಗೆ ಎದೆಯ ಭಾರ ಇಳಿದಂತಾಯಿತು. ಮೂರು ದಿನಕ್ಕೆ ಮೂವರು ಉಣ್ಣುವ ಅನ್ನಕ್ಕೆ ನನ್ನ ಕೈಯಲ್ಲೂ ಒಂದು ಬದಲಿ ಇದೆ. ಶಿವಾಜಿನಗರಕ್ಕೆ ಹೋಗಿ ಹತ್ತಿಬಟ್ಟೆ ತಂದಿದ್ದೇನೆ, ಸೆಕೆಯ ಊರಲ್ಲವೇ. ಇಲ್ಲೇ ಕತ್ತರಿಸಿ ಅರ್ಧ ಹೊಲಿದು, ಉಳಿದದ್ದನ್ನು ಅಲ್ಲಿ ತೊಡಿಸಿ ನೋಡಿ ಮುಗಿಸುವುದು. ಜೊತೆಗೆ ಎರಡು ಕಿಲೋ ರಾಗಿ ಹುರಿಹಿಟ್ಟು, ಅದು ಅತ್ತೆಯ ಕಡೆಯಿಂದ. ಟಿಪ್ಪು ಕಾಲದ ನೆಂಟರಿಗೆ ಬರಿಗೈಯಲ್ಲಿ ಹೋಗಬಾರದಂತೆ.

ನಿನ್ನೆ ರಾತ್ರಿ ಅಳತೆಗಳು ಬಂದವು. ಐದು ಹುಡುಗಿಯರು, ಗೆಳತಿಯ ಅಕ್ಷರದಲ್ಲಿ ಒಂದು ಹಾಳೆಯ ಫೋಟೊ. ನಾಲ್ವರದು ಸರಿಯಾಗಿದೆ. ಐದನೆಯವಳು ಎಂಟು ವರ್ಷದ ಮಗು, ಅವಳ ತೋಳಿನ ಉದ್ದ ಬರೆದಿಲ್ಲ. ಜನವರಿಯೊಳಗೆ ಹೇಗೂ ಬೆಳೆಯುತ್ತಾಳೆ. ಎರಡು ಇಂಚು ಮಡಿಕೆ ಒಳಗೆ ಬಿಟ್ಟು ಕತ್ತರಿಸಬೇಕು.